ಅದು ಬರೀ ಎದುರಾಳಿಯ ತಪ್ಪಲ್ಲ

ಗುಕೇಶ್‌ಗೆ ವಿಶ್ವ ಚೆಸ್ ಪಟ್ಟ ಎದುರಾಳಿ ‘ಡಿಂಗ್ ಲಿರೆನ್ ಕೊಟ್ಟ ಕೊಡುಗೆ’ ಎಂಬ ತೀರ್ಪನ್ನು ಒಪ್ಪಲಾಗದು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ 14ನೇ ಆಟವನ್ನು ಮೊದಲಿಂದ ನೋಡಿ. ಬಿಳಿ ಕಾಯಿಗಳ ಡಿಂಗ್ ಕುದುರೆ ನಡೆಸಿ, ಗ್ರುನ್‌ಫೆಲ್ಡ್ ರಕ್ಷಣೆಯನ್ನು ತಿರುವುಮುರುವು ಮಾಡಿದಂಥ ಆರಂಭಕ್ಕೆ ಬಂದರು. ಒಳ್ಳೆಯ ಸ್ಥಾನವೇ ಸಿಕ್ಕಿತು. ಆದರೆ ಆಮೇಲೆ ಕಾಯಿ ಬದಲಾಯಿಸುತ್ತ ಡ್ರಾ ಹುಡುಕಿದರು, ಅಂಕ 6.5–6.5 ಇದ್ದುದರಿಂದ ಡ್ರಾ ಆದರೆ ಬರುವ ಟೈಬ್ರೇಕ್ ಅವರಿಗೆ ಸಾಕಿತ್ತು.

ಗುಕೇಶ್‌ಗೆ ಅದು ಸಾಲಲಿಲ್ಲ. ಒಂದೇ ಪದಾತಿಯ ಮುನ್ನಡೆ ಹಿಡಿದು, ಡ್ರಾ ಆಗಬಲ್ಲ ಸ್ಥಾನದಲ್ಲೂ ಗಂಟೆಗಟ್ಟಲೆ ಒತ್ತಿದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದಾಗ ಮೂಲೆಯಲ್ಲಿದ್ದ ಅವರ ಬಿಷಪ್‌ಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮೂರೇ ನಡೆಗಳಲ್ಲಿ ಅವರು ಸೋಲೊಪ್ಪಿದರು. ದಣಿದವನಿಂದ ತಪ್ಪು ಮಾಡಿಸುವುದೂ ಚೆಸ್ಸಿನ ವಿದ್ಯೆಯೇ. ಈ ಗೆಲುವು ಗುಕೇಶ್ ಗಳಿಸಿದ್ದು.