ಯಾವ ಪಿಸ್ತೂಲು ಒಳ್ಳೇದು ಅಂತ ಕೇಳೋರಿಗೆ

ನಮ್ಮೂರು ಜಿಡಗಾ ಅಂದರೆ ಸಾಕು, ಬೆಂಗಳೂರು ಕಡೆಯ ಗೆಳೆಯರಿಗೆ 'ಭೀಮಾ ತೀರ' ನೆನಪಾಗಿಬಿಡುತ್ತದೆ. ಜಿಡಗಾ ಇರೋದು ಆಳಂದ ತಾಲ್ಲೂಕಿನಲ್ಲಪ್ಪಾ, ಭೀಮಾ ಹರಿಯೋದು ಅಫಜಲಪುರ, ಜೇವರ್ಗಿ ಕಡೆ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. 2012ರಲ್ಲಿ ಬಂದ 'ಭೀಮಾ ತೀರದಲ್ಲಿ' ಸಿನಿಮಾ, ಅದರ ಹಿಂದೆ ಮುಂದೆ ಬಂದ ಟಿ.ವಿ. ಕ್ರೈಂ ಕಾರ್ಯಕ್ರಮಗಳು ಎಲ್ಲ ಸೇರಿ ನಮ್ಮ ಇಡೀ ಸೀಮೆಯ ಸೊಂಟಕ್ಕೆ ಒಂದು ಪಿಸ್ತೂಲು ಕಟ್ಟಿ ಕಳಿಸಿವೆ.

ಹೊರಗಿನವರು ನಂಬಿದರೆ ನಂಬಲಿ ಬಿಡಿ. ನಮ್ಮ ಹುಡುಗರೇ ನಂಬಿದ್ದಾರಲ್ಲ, ಅದಕ್ಕೇನು ಮಾಡೋದು? ದಿನಾ ಜೊತೆಗೆ ಇಟ್ಕೊಳ್ಳೋಕೆ, ಅಂಗಿ ಒಳಗೆ ಕಾಣದ ಹಂಗ ಇರೋಕೆ, ಹೊತ್ತಿಗೆ ಕೈಕೊಡದ ಪಿಸ್ತೂಲು ಯಾವುದು? ಇದು ಈಗಿನ ಪ್ರಶ್ನೆ. ಅಮೆರಿಕದ ವಿಡಿಯೋ ನೋಡಿ ಗ್ಲಾಕ್, ಸಿಗ್ ಸೌರ್ ಅಂತ ಹೆಸರು ಬಾಯಿಪಾಠ ಮಾಡಿಕೊಂಡವರು ಬೇರೆ. ಇದಕ್ಕಿಂತ ನನಗೆ ಸಿಟ್ಟು ಬರಿಸೋದು ಇನ್ನೊಂದು ಮಾತು. 2015ರಿಂದೀಚೆಗೆ ಬರೆಯುವವರ ನಡುವೆಯೇ ಕೇಳಿಬರುವ ಮಾತು: "ಕಲಬುರ್ಗಿ ಸರ್ ಹತ್ತಿರ ಒಂದು ಪಿಸ್ತೂಲು ಇದ್ದಿದ್ದರೆ..."

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಿಬಿಡೋಣ.

ಆ ವಿಡಿಯೋದವರು ಹೇಳುವ 9 ಮಿ.ಮೀ. ಪಿಸ್ತೂಲು ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಪೊಲೀಸರು, ಸೈನಿಕರು ಇಟ್ಟುಕೊಳ್ಳೋದು. ಸಾಮಾನ್ಯ ಲೈಸೆನ್ಸಿಗೆ ಅದು ಸಿಗೋದಿಲ್ಲ. ವಿದೇಶಿ ಪಿಸ್ತೂಲುಗಳನ್ನು ಜನಸಾಮಾನ್ಯರು ತರಿಸಿಕೊಳ್ಳೋದಕ್ಕೂ 1980ರ ದಶಕದಲ್ಲೇ ತಡೆ ಬಿತ್ತು. ಹಾಗಾಗಿ ಅಜ್ಜನ ಕಾಲದ ವೆಬ್ಲಿ ಒಂದಕ್ಕೆ ಇಲ್ಲಿ ಬಂಗಾರದ ಬೆಲೆ. ಉಳಿದದ್ದು .32. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು, ಇಲ್ಲವೇ 'ಅಶನಿ' ಪಿಸ್ತೂಲು. 2014ರಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಕಾನ್ಪುರದಿಂದ 'ನಿರ್ಭೀಕ್' ಬಂತು, ಅರ್ಧ ಕಿಲೋ ತೂಕ. 2023ರಲ್ಲಿ 'ಪ್ರಬಲ್' ಬಂತು. ಎರಡೂ .32 ರಿವಾಲ್ವರುಗಳೇ.

ಇಷ್ಟರಲ್ಲೇ ಆರಿಸಿಕೊಳ್ಳಬೇಕು ಅಂದರೆ ರಿವಾಲ್ವರೇ ವಾಸಿ. ಒಂದು ಗುಂಡು ಟುಸ್ ಅಂದರೆ ಮತ್ತೊಮ್ಮೆ ಕುದುರೆ ಎಳೆದರಾಯಿತು, ಮುಂದಿನ ಮನೆ ತಿರುಗಿ ಬರುತ್ತದೆ. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡರೆ ಎರಡೂ ಕೈ ಹಾಕಿ ಸ್ಲೈಡು ಎಳೆದು ಬಿಡಿಸಬೇಕು. ನಡುಗುವ ಕೈಗೆ ಅದು ಆಗೋ ಕೆಲಸವಲ್ಲ. ಇನ್ನೊಂದು ವಿಷಯ, ಲೈಸೆನ್ಸು ಇರುವವರಲ್ಲೂ ಬಹಳ ಮಂದಿಗೆ ಗೊತ್ತಿಲ್ಲದ್ದು: ರಿವಾಲ್ವರಿನ .32 ಮತ್ತು ಪಿಸ್ತೂಲಿನ .32 ಒಂದೇ ಅಲ್ಲ. ರಿವಾಲ್ವರಿನ ಕಾಡತೂಸು ಉದ್ದ, ಪಿಸ್ತೂಲಿನದು ಗಿಡ್ಡ. ಇದರದ್ದು ಅದಕ್ಕೆ ನಡೆಯೋದಿಲ್ಲ.

ಆದರೆ ನಿಜವಾದ 'ಕೈಕೊಡೋದು' ಬೇರೆ ಕಡೆ ಇದೆ. ನಮ್ಮ ಮೇ ತಿಂಗಳ ಬಿಸಿಲು, ತೊಗರಿ ರಾಶಿಯ ಧೂಳು, ಸೊಂಟದ ಬೆವರು. ಮೈಗೆ ಹತ್ತಿಕೊಂಡ ಉಕ್ಕಿಗೆ ತಿಂಗಳೊಪ್ಪತ್ತಿನಲ್ಲಿ ಜಂಗು. ಅದೇ ಆರು ಗುಂಡು ಆರು ವರ್ಷ ಒಳಗೇ ಇರುತ್ತವೆ, ಯಾಕಂದರೆ ಅವನ್ನು ಹಾರಿಸಿ ಅಭ್ಯಾಸ ಮಾಡೋಕೆ ಜಾಗವೂ ಇಲ್ಲ, ಗುಂಡುಗಳೂ ಲೈಸೆನ್ಸಿನ ಲೆಕ್ಕದಲ್ಲೇ ಸಿಗೋದು. ಹತ್ತು ಗುಂಡು ಹಾರಿಸದವನ ಕೈಯಲ್ಲಿ ಯಾವ ಕಂಪನಿಯ ಪಿಸ್ತೂಲಾದರೇನು? ಇನ್ನು ಧೋತರದ ಮೇಲೆ ಮುಕ್ಕಾಲು ಕಿಲೋ ಕಬ್ಬಿಣ ಎಲ್ಲಿ ಸಿಗಿಸಿಕೊಳ್ಳುತ್ತೀರೋ ನೀವೇ ಹೇಳಿ.

'ದಿನಾ' ಅನ್ನೋ ಮಾತಿನ ಕಥೆಯೂ ಹೀಗೇ. ಲೈಸೆನ್ಸಿನ ಷರತ್ತು ಓದಿದ್ದೀರಾ? ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಒಯ್ಯುವಂತಿಲ್ಲ. ಅಂದರೆ ನಮ್ಮೂರ ಮಠದ ಜಾತ್ರೆಗಿಲ್ಲ, ಆಳಂದದ ಲಾಡ್ಲೆ ಮಶಾಯಕ್ ಉರುಸಿಗಿಲ್ಲ, ಗಾಣಗಾಪುರದ ಪಲ್ಲಕ್ಕಿಗಿಲ್ಲ. ಮತ್ತೆ ಉಳಿದದ್ದು ಹೊಲ ಮತ್ತು ಮನೆ.

ಚುನಾವಣೆ ಬಂದರಂತೂ ಮುಗೀತು. ಪೊಲೀಸ್ ಠಾಣೆಗೆ ಒಯ್ದು ಠೇವಣಿ ಇಡಬೇಕು. ಸ್ಕ್ರೀನಿಂಗ್ ಕಮಿಟಿ ವಿನಾಯಿತಿ ಕೊಟ್ಟವರಿಗಷ್ಟೇ ಬಿಡುಗಡೆ. 2024ರ ಲೋಕಸಭೆಗೆ ನೀತಿ ಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ ಮೊದಲ ವಾರದವರೆಗೆ ಇತ್ತು. ಹಳ್ಳಿಯ ಹಗೆತನ ಕುದಿಯೋದು ಯಾವಾಗ ಅಂತ ಹಳ್ಳಿಯವರಿಗೆ ಗೊತ್ತು. ಸರಿಯಾಗಿ ಅದೇ ಹೊತ್ತಿನಲ್ಲಿ ನಿಮ್ಮ ರಕ್ಷಕ ಠಾಣೆಯ ಕಪಾಟಿನಲ್ಲಿ! (ನಿಯಮ ತಪ್ಪು ಅಂತಿಲ್ಲ. ಅದಿಲ್ಲದಿದ್ದರೆ ಹೆಣ ಇನ್ನೂ ಹೆಚ್ಚು ಬೀಳುತ್ತಿದ್ದವು.)

ನಿರ್ಭೀಕ್ ಬಗ್ಗೆ ಒಂದು ಲೆಕ್ಕ. ಬಿಡುಗಡೆಯಾದಾಗ ಅದರ ಬೆಲೆ 1,22,360 ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 191. ಕಸ ಕೀಳೋಕೆ ಹೋಗುವ ಹೆಣ್ಣುಮಗಳು 640 ದಿನ ಏನೂ ತಿನ್ನದೆ ದುಡಿದರೆ ಒಂದು ರಿವಾಲ್ವರು. ವರ್ಷಕ್ಕೆ ನೂರು ದಿನ ಕೆಲಸ ಅಂದರೆ ಆರು ವರ್ಷ ಮೀರುತ್ತದೆ. ದಿಲ್ಲಿಯ ಆ ಹುಡುಗಿಯ ನೆನಪಿಗೆ ಇಂಥ ಹೆಸರಿಟ್ಟರಲ್ಲ, ನಾಚಿಕೆ ಆಗಲಿಲ್ಲವೇ?

ಲೈಸೆನ್ಸು ಸಿಗದವರು ಹೋಗೋದು ಕಂಟ್ರಿ ಪಿಸ್ತೂಲಿನ ಕಡೆಗೆ. ಅದರ ನಂಬಿಕೆಯ ಬಗ್ಗೆ ಏನು ಹೇಳೋಣ? ಲೇತಿನಲ್ಲಿ ಕೊರೆದ ನಳಿಗೆ ಯಾವಾಗ ಹಿಡಿದವನ ಕೈಯಲ್ಲೇ ಸಿಡಿಯುತ್ತದೋ ಮಾಡಿದವನಿಗೂ ತಿಳಿಯದು. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಇಟ್ಟುಕೊಂಡರೇ ಎರಡರಿಂದ ಐದು ವರ್ಷ, ಮಾಡಿದವನಿಗೆ ಮಾರಿದವನಿಗೆ ಏಳು ವರ್ಷದಿಂದ ಜೀವಾವಧಿ. 'ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ, ನಮಗ್ಯಾಕಿಲ್ಲ' ಅನ್ನುವವರಿಗೆ ಒಂದೇ ಮಾತು: ಕೈಲ್ ಪೊಳ್ದ್ ಹಬ್ಬಕ್ಕೆ ಅವರು ಕೋವಿಗೆ ಹೂ ಮುಡಿಸಿ ನಾಲ್ಕು ಜನರ ಮುಂದೆ ಇಡುತ್ತಾರೆ. ನೀವು ಕೇಳುತ್ತಿರೋದು ಬಚ್ಚಿಡೋ ವಿದ್ಯೆ.

ಈಗ ಕಲಬುರ್ಗಿಯವರ ಮಾತು. ಸಿಂದಗಿ ತಾಲ್ಲೂಕಿನವರು, ಅಂದರೆ ಭೀಮೆಯ ಆಚೆ ದಡದ ನಮ್ಮ ನೆರೆಯವರು. 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರ. ಮನೆಗೆ ಬಂದವರು ಹುಡುಗರು. ಹುಡುಗರು ಹುಡುಕಿಕೊಂಡು ಬರೋದು ಆ ಮನೆಗೆ ಹೊಸದೇ? ಶಾಸನ ಓದುವ ಮೇಷ್ಟ್ರು ಬಾಗಿಲಿಗೆ ಬಂದವರನ್ನು ಮಾತಾಡಿಸಲು ಎದ್ದು ಬಂದರು. ಆಗ ಸೊಂಟದಲ್ಲಿ ಪಿಸ್ತೂಲು ಇದ್ದಿದ್ದರೆ ಏನಾಗುತ್ತಿತ್ತು? 77ನೇ ವರ್ಷಕ್ಕೆ ಹತ್ತಿರವಿದ್ದವರು ಪ್ರತಿ ವಿದ್ಯಾರ್ಥಿಗೂ ಗುರಿ ಇಟ್ಟುಕೊಂಡೇ ಬಾಗಿಲು ತೆಗೆಯಬೇಕಿತ್ತೇ? ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರ ರಾತ್ರಿ ತಮ್ಮದೇ ಮನೆಯ ಗೇಟಿನ ಬಳಿ ಇದ್ದರು. ಹೊತ್ತು, ಜಾಗ ಎರಡನ್ನೂ ಆರಿಸಿದವನು ಕೊಲ್ಲಲು ಬಂದವನು. ಎದುರಿಗಿದ್ದವರಿಗೆ ಸಿಗೋದು ಒಂದೆರಡು ಸೆಕೆಂಡು. ಅಷ್ಟರಲ್ಲಿ ಅಂಗಿ ಎತ್ತೋಕೂ ಆಗೋದಿಲ್ಲ.

ಆ ಎರಡೂ ಕೊಲೆಗಳಲ್ಲಿ ಬಳಸಿದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು. 7.65 ಅಂದರೆ ಅದೇ .32! ಲೈಸೆನ್ಸಿಗೆ ನಮಗೆ ಸಿಗುವ ಬೋರ್. ಯಾವ ಪರಿಣತನೂ 'ನಂಬಬಹುದು' ಅನ್ನದ ಕಂಟ್ರಿ ಸಾಮಾನು ಎರಡು ಸಲವೂ ಕೈಕೊಡಲಿಲ್ಲ. ಯಾವ ಪಿಸ್ತೂಲು ಒಳ್ಳೇದು ಅನ್ನೋ ಚರ್ಚೆ ಇಲ್ಲಿಗೆ ಮುಗೀಬೇಕು.

ಕೇಳಬೇಕಾದದ್ದು ಆ ಒಂದು ಪಿಸ್ತೂಲಿನ ಬಗ್ಗೆ. ಧಾರವಾಡದಲ್ಲಿ ಗುಂಡು ಹಾರಿದ ಮೇಲೆ ಅದು ಎರಡು ವರ್ಷ ಯಾರ ಕೈಗೂ ಸಿಗದೆ ಹೇಗೆ ಉಳಿಯಿತು? ಕಲಬುರ್ಗಿ ಕೇಸಿನಲ್ಲಿ ಸುಳಿವು ಸಿಕ್ಕಿದ್ದೇ ಗೌರಿ ಕೇಸಿನ ತನಿಖೆಯಿಂದ. ಉಮಾದೇವಿಯವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಚಾರ್ಜ್‌ಶೀಟು ಬಂದದ್ದು 2019ರಲ್ಲಿ, ಕೊಲೆಯಾಗಿ ನಾಲ್ಕು ವರ್ಷಕ್ಕೆ. ಬ್ಲಾಗಿನಲ್ಲಿ ಹೋಲ್ಸ್ಟರ್ ಬಗ್ಗೆ ಬರೆಯುವ ಗೆಳೆಯರೇ, ಈ ನಾಲ್ಕು ವರ್ಷದ ಬಗ್ಗೆ ನಿಮ್ಮಲ್ಲಿ ಎಷ್ಟು ಜನ ಒಂದು ಪೋಸ್ಟ್ ಬರೆದಿದ್ದೀರಿ? ಲಿಂಕು ಕಳಿಸಿ, ಓದುತ್ತೇನೆ.