ಸೈರನ್ ಕೇಳಿದರೆ ಎಡಕ್ಕೆ ಸರಿಯಿರಿ

ಆಂಧ್ರದ ಸೋಮಂದೇಪಲ್ಲಿ, ಹಿಂದೂಪುರ ಕಡೆಯ ಗಂಭೀರ ರೋಗಿಗಳಲ್ಲಿ ಹಲವರು ಕೊನೆಗೆ ಬರುವುದು ಬೆಂಗಳೂರಿನ ನಿಮ್ಹಾನ್ಸ್‌ಗೆ, ಜಯದೇವಕ್ಕೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನೂರು ಕಿ.ಮೀ. ಮೀರಿದ ದಾರಿ, ನಡುವೆ ರಾಜ್ಯದ ಗಡಿ. ಬಲಬದಿಯ ಪಥ ಹಿಡಿದ ಲಾರಿ ಹಿಂದಿನ ಸೈರನ್‌ಗೆ ಕಿವಿಗೊಡದಿದ್ದರೆ ಆಂಬುಲೆನ್ಸ್ ಚಾಲಕ ಎಡದಿಂದ ನುಗ್ಗಬೇಕಾಗುತ್ತದೆ. ಆಗ ಒಳಗಿರುವ ರೋಗಿಯ ಜತೆ ಪಕ್ಕದ ಬೈಕ್ ಸವಾರನ ಜೀವವೂ ಅಪಾಯಕ್ಕೆ ಬೀಳುತ್ತದೆ.

ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಇ ಕಲಂ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಉಂಟು. ಕಾನೂನಿನಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಚಾಲಕರ ಅಭ್ಯಾಸದಲ್ಲಿ. ಸೈರನ್ ಕೇಳಿದೊಡನೆ ಗಾಬರಿಯಿಂದ ಗಕ್ಕನೆ ಬ್ರೇಕ್ ಒತ್ತಬಾರದು. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎಡಕ್ಕೆ ಸರಿದು ವೇಗ ತಗ್ಗಿಸಬೇಕು. ತೆರವಾದ ಜಾಗದಲ್ಲಿ ಆಂಬುಲೆನ್ಸ್‌ನ ಬೆನ್ನು ಹತ್ತಿ ಓಡುವುದಂತೂ ಅಕ್ಷಮ್ಯ.

ಮನಸ್ಸು ಮಾಡಿದರೆ ನಮ್ಮ ಜನ ಏನು ಮಾಡಬಲ್ಲರು ಎಂಬುದನ್ನು 2020ರ ಫೆಬ್ರುವರಿಯಲ್ಲಿ ಕಂಡಿದ್ದೇವೆ. 40 ದಿನದ ಹಸುಗೂಸನ್ನು ಹೊತ್ತ ಆಂಬುಲೆನ್ಸ್, ಮಂಗಳೂರಿನಿಂದ ಜಯದೇವ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿತು. ಪೊಲೀಸರ ಜತೆ ಊರೂರಿನ ಸಾಮಾನ್ಯರೂ ರಸ್ತೆಗಿಳಿದು ದಾರಿ ತೆರವು ಮಾಡಿದ್ದರು. ಆದರೆ ಸುದ್ದಿಯಾಗದ ರೋಗಿಗೂ ಅದೇ ದಾರಿ ಸಿಗಬೇಕಲ್ಲವೇ?

ಇದೇ ಹೆದ್ದಾರಿ 44ರ ಬಾಗೇಪಲ್ಲಿ ಟೋಲ್‌ನಲ್ಲಿ ಆಂಬುಲೆನ್ಸ್ ಪಥ ಸದಾ ಖಾಲಿ ಇರುವಂತೆ ಹೆದ್ದಾರಿ ಪ್ರಾಧಿಕಾರ ನೋಡಿಕೊಳ್ಳಲಿ. ಗಡಿಯ ಎರಡೂ ಕಡೆಯ ಪೊಲೀಸರು ದಾರಿ ತಡೆದವರ ಮೇಲೆ ತಪ್ಪದೇ ಪ್ರಕರಣ ದಾಖಲಿಸಲಿ.