ಹರಿಯುವ ನೀರನ್ನು ಬರೆಯುವ ಬಗೆ

ನದಿಯ ಚಿತ್ರವೆಂದರೆ ಎರಡು ದಡಗಳನ್ನೆಳೆದು, ನಡುವೆ ನೀಲಿ ಬಣ್ಣ ತುಂಬಿ, ಮೇಲೆ ನಾಲ್ಕು ಅಂಕುಡೊಂಕು ಗೆರೆಗಳನ್ನೆಳೆಯುವುದು ನಮ್ಮ ರೂಢಿ. ನಾನೂ ಹಾಗೆಯೇ ಬರೆಯುತ್ತಿದ್ದೆ. ಕೆಂಚನಗುಡ್ಡದಲ್ಲಿ ಬಂಡೆಯ ಮೇಲೆ ಕುಳಿತು ಮಳೆಗಾಲದ ತುಂಗಭದ್ರೆಯನ್ನು ಬರೆಯಹೊರಟ ದಿನ ಆ ಗೆರೆಗಳು ಸುಳ್ಳೆಂದು ತಿಳಿಯಿತು. ಹೊಸನೀರಿಗೆ ಕೆಮ್ಮಣ್ಣಿನ ಬಣ್ಣ. ಬಂಡೆಗೆ ಬಡಿಯುವಾಗ ಅದರ ರೂಪವೊಂದು, ಸಂದಿನಲ್ಲಿ ನುಗ್ಗುವಾಗ ಇನ್ನೊಂದು, ಮಡುವಿನಲ್ಲಿ ಸುತ್ತುವಾಗ ಮತ್ತೊಂದು.

ಈ ತೊಡಕನ್ನು ಚೆನ್ನಾಗಿ ಬಿಡಿಸಿದವರು ಜಪಾನಿನ ಮರದಚ್ಚಿನ ಚಿತ್ರಕಾರರೆಂದು ನನ್ನ ಅಭಿಪ್ರಾಯ. ಹೊಕುಸಾಯ್ 1833ರ ಸುಮಾರಿಗೆ ಎಂಟು ಜಲಪಾತಗಳ ಚಿತ್ರಮಾಲೆಯೊಂದನ್ನು ರಚಿಸಿದನು. ಅದರಲ್ಲಿನ ಅಮಿದಾ ಜಲಪಾತವನ್ನು ನೋಡಿರಿ: ಮೇಲಿನ ಗುಂಡನೆಯ ಪೊಟರೆಯಲ್ಲಿ ನೀರು ಬಳುಕುವ ಗೆರೆಗಳಾಗಿ ತಿರುಗುತ್ತದೆ, ಅಂಚು ದಾಟಿದೊಡನೆ ನೂಲಿನೆಳೆಗಳಂತೆ ನೆಟ್ಟಗೆ ಇಳಿಯುತ್ತದೆ. ಹಿರೋಶಿಗೆ 1855ರಲ್ಲಿ ನರುಟೊ ಜಲಸಂಧಿಯ ಸುಳಿಗಳನ್ನು ಚಿತ್ರಿಸಿದನು. ಇಂತಹ ಚಿತ್ರಗಳಲ್ಲಿ ನೊರೆಯ ಬಿಳುಪು ಬಹುಮಟ್ಟಿಗೆ ಬಣ್ಣವೇ ಅಲ್ಲ. ಅಚ್ಚಿನ ಬಣ್ಣ ತಾಗದೆ ಉಳಿದ ಕಾಗದ! ಗೆರೆಯೊಂದು ಮೂಡಬೇಕಾದರೆ ಅದರ ಎರಡು ಬದಿಯ ಮರವನ್ನೂ ಕೆತ್ತಿ ತೆಗೆಯಬೇಕು. ಇಷ್ಟು ಶ್ರಮವಿರುವಲ್ಲಿ ಬೇಡದ ಗೆರೆಗೆ ಎಡೆಯೆಲ್ಲಿ?

ನಮ್ಮ ಶಿಲ್ಪಿಗಳು ನದಿಯನ್ನು ಕಾಣಲಿಲ್ಲವೇ ಎಂದು ಕೆಲವರು ಕೇಳಬಹುದು. ಕಂಡರು. ಐಹೊಳೆಯಲ್ಲಿ ಗಂಗೆಯು ಮಕರವನ್ನೂ ಯಮುನೆಯು ಆಮೆಯನ್ನೂ ಏರಿದ ದೇವಿಯರಾಗಿದ್ದಾರೆ. ಆ ರೂಪಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ದೇವಿ ಎಲ್ಲೆಡೆಯೂ ಒಬ್ಬಳೇ. ಈ ಬಂಡೆಯ ಬಳಿಯ ಈ ಸುಳಿಯು ಇಲ್ಲಿ ಮಾತ್ರವೇ ಇದೆ. ಅದನ್ನು ಬರೆಯುವವರು ಯಾರು?

ಈ ಪ್ರಶ್ನೆ ಕೇವಲ ಕಲೆಯದಲ್ಲ. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ನೀರು ಹಿಡಿದಂದಿನಿಂದ ನಮ್ಮ ಹೊಳೆಯ ಏರಿಳಿತ ಮಳೆಯ ಕೈಯಲ್ಲಿ ಮಾತ್ರ ಉಳಿದಿಲ್ಲ. ಗೇಟುಗಳ ಕೈಗೂ ಸೇರಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಹೊಳೆ ಭೋರ್ಗರೆಯಿತು. ಬೇಸಗೆಯಲ್ಲಿಯೋ ಬರಿಯ ಬಂಡೆಗಳು. ಕಣ್ಣೆದುರಿನ ಹರಿವು ನಾಳೆಯೂ ಇದ್ದೇ ಇರುತ್ತದೆಂದು ನಂಬಿ ಕೂಡುವಂತಿಲ್ಲ.

ಆದ್ದರಿಂದ ಕುಂಚ ಹಿಡಿಯುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಹೊಕುಸಾಯನ ಅಲೆಯನ್ನು ನಕಲು ಮಾಡಬೇಡಿರಿ. ಅವನಂತೆ ನೋಡಲು ಕಲಿಯಿರಿ. ಹೊಳೆಯ ದಡದಲ್ಲಿ ಒಂದು ತಾಸು ಬರಿದೆ ಕುಳಿತು, ಆಮೇಲೆ ಒಂದೇ ಒಂದು ಗೆರೆ ಎಳೆಯಿರಿ. ಅದು ತುಂಗಭದ್ರೆಯದಾಗಿರಲಿ.